ನಾಲೆ ತೋಡಿದ ಯಂತ್ರಗಳು

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು 25 ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಎರಡು ತಿಂಗಳಿಂದ ಹೇಳುತ್ತಲೇ ಇದ್ದರು. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ಬರೆದು ಅಭ್ಯಾಸವಿಲ್ಲ. ಹಾಲಿನ ವಿಚಾರ, ಮೇವಿನ ವಿಚಾರ ಬರೆಯೋಣ ಅಂದರೆ ಅದನ್ನು ನನಗಿಂತ ಬಲ್ಲವರು ಆಗಲೇ ಬರೆದುಕೊಟ್ಟಿದ್ದಾರೆ. "ನಿಮಗೆ ಜೇಸಿಬಿ ಹುಚ್ಚು ಇದೆಯಲ್ಲ, ಅದನ್ನೇ ಬರೀರಿ" ಎಂದು ಅಧ್ಯಕ್ಷರು ನಗುತ್ತಾ ಅಂದರು. ತಮಾಷೆಗೆ ಅಂದರೋ ನಿಜಕ್ಕೇ ಅಂದರೋ ತಿಳಿಯದು. ನಾನು ನಿಜ ಅಂತಲೇ ತಗೊಂಡು ಕೂತಿದ್ದೇನೆ. ಊರಿನ ಹಿರಿಯರಿಗೆ ಇದರಲ್ಲಿ ತಪ್ಪು ಕಂಡರೆ ಮನ್ನಿಸಬೇಕು.

ಈ ಹುಚ್ಚು ಶುರುವಾದದ್ದು ಹೇಮಾವತಿ ನಾಲೆಯಿಂದ. ಆದರೆ ಅದಕ್ಕೂ ಮೊದಲು ರೋಲರ್ ಬಂದಿತ್ತು. ನಮ್ಮೂರಿಗೆ ಟಾರು ರಸ್ತೆ ಹಾಕುವಾಗ ಡೀಸೆಲ್ ರೋಡ್ ರೋಲರೊಂದನ್ನು ಅರಳೀಕಟ್ಟೆ ಹತ್ತಿರ ತಿಂಗಳಗಟ್ಟಲೆ ನಿಲ್ಲಿಸಿದ್ದರು. ನಾವು ಹುಡುಗರು ಅದರ ಮುಂದಿನ ಉರುಳೆ ಮೇಲೆ ಕೂತು ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಮದರಾಸಿಗೂ ಹೋಗಿ ಬರುತ್ತಿದ್ದೆವು. ನಮ್ಮ ತಾತ ಅದನ್ನು "ಕುದುರೆ ಇಂಜಿನ್" ಅನ್ನುತ್ತಿದ್ದರು. ಕುದುರೆ ಎಲ್ಲಿದೆ ತಾತ ಅಂದರೆ, "ಮೊದಲು ಬರ್ತಿದ್ದುದರಲ್ಲಿ ಇತ್ತು, ಮೂತಿ ಮೇಲೆ ಹಿತ್ತಾಳೆ ಕುದುರೆ, ಹೊಗೆ ಬಿಡೋದು" ಅನ್ನುತ್ತಿದ್ದರು. ಅಜ್ಜ ಕತೆ ಕಟ್ಟುತ್ತಾರೆ ಅಂತ ನಾನು ನಂಬಲಿಲ್ಲ. ಬಹಳ ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಚಿತ್ರ ನೋಡಿದೆ. ಇಂಗ್ಲೆಂಡಿನ ಕೆಂಟ್ ಸೀಮೆಯ ರೋಚೆಸ್ಟರ್‌ನಲ್ಲಿ ಏವ್ಲಿಂಗ್ ಅಂಡ್ ಪೋರ್ಟರ್ ಎಂಬ ಕಂಪನಿ 1860ರ ದಶಕದಿಂದ ಉಗಿ ರೋಲರ್ ಮಾಡುತ್ತಿತ್ತು. ಮುಂಗಾಲೆತ್ತಿ ನಿಂತ ಕುದುರೆ ಆ ಸೀಮೆಯ ಲಾಂಛನವಾದ್ದರಿಂದ ಪ್ರತಿ ರೋಲರಿನ ಮುಂದೆಯೂ ಅದನ್ನು ಹಾಕುತ್ತಿದ್ದರು. ತಾತ ಹೇಳಿದ್ದು ನಿಜವಾಗಿತ್ತು. ಹೋಗಿ ಹೇಳೋಣ ಅಂದರೆ ಅಷ್ಟರಲ್ಲಿ ತಾತ ಇರಲಿಲ್ಲ.

ಹೇಮಾವತಿ ಹೊಳೆಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾನು ಹುಟ್ಟಿದ ವರ್ಷವೂ ಅದೇ. ಅಲ್ಲಿಂದ ನಮ್ಮ ತುಮಕೂರು ಜಿಲ್ಲೆ ಕಡೆಗೆ ನಾಲೆ ತೋಡಿಕೊಂಡು ಬಂದು, ನಮ್ಮೂರ ಎಲ್ಲೆ ಮುಟ್ಟಿದ್ದು 1989ರಲ್ಲಿ, ರಾಗಿ ಒಕ್ಕಣೆ ಮುಗಿದ ಮೇಲೆ. ಆಗ ನಾನು ನಾಲ್ಕನೇ ಕ್ಲಾಸು.

ಮೊದಲು ಬಂದವರು ಯಂತ್ರದವರಲ್ಲ, ಭೋವಿ ಜನ. ಕೆರೆಯ ಕೆಳಗಿನ ಬಯಲಿನಲ್ಲಿ ಗರಿ ಗುಡಿಸಲು ಹಾಕಿಕೊಂಡು, ಕತ್ತೆಗಳನ್ನು ಬಿಟ್ಟುಕೊಂಡು ಒಂದು ಊರೇ ಬಂದಂತೆ ಬಂದರು. ಗುದ್ದಲಿ, ಹಾರೆ, ಪಿಕಾಸಿ, ಸನಿಕೆ, ಮಂಕರಿ ಇಷ್ಟೇ ಅವರ ಸಾಮಾನು. ಗಂಡಸು ಅಗೆಯುವುದು, ಹೆಂಗಸು ಹೊರುವುದು. ನಮ್ಮ ನಾಡಿನ ದೊಡ್ಡ ಕೆಲಸಗಳೆಲ್ಲ ಹೀಗೇ ಆದದ್ದು. 1907ರಲ್ಲಿ ಮುಗಿದ ಮಾರಿಕಣಿವೆ ಆಗಲಿ, 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ಹಿಡಿದ ಕನ್ನಂಬಾಡಿ ಆಗಲಿ, ಮಣ್ಣು ಕಲ್ಲು ಹೊತ್ತದ್ದು ಬಹುಪಾಲು ಮನುಷ್ಯರ ತಲೆ. ಕನ್ನಂಬಾಡಿಗೆ ಸಿಮೆಂಟು ಕೂಡ ಇಲ್ಲ, ಸುರ್ಕಿ ಗಾರೆ. ವಿಶ್ವೇಶ್ವರಯ್ಯನವರ ಹೆಸರು ಎಲ್ಲರ ಬಾಯಲ್ಲೂ ಇದೆ, ಇರಬೇಕಾದ್ದೇ. ಮಂಕರಿ ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ನಾನು ಕಂಡಿಲ್ಲ.

ಅವರ ಕೆಲಸದಲ್ಲಿ ನನಗೆ ಬಹಳ ಸೋಜಿಗವಾದದ್ದು ಒಂದಿತ್ತು. ಗುಂಡಿ ತೋಡುವಾಗ ನಡುನಡುವೆ ಒಂದೊಂದು ಮಣ್ಣಿನ ಕಂಬ ಮುಟ್ಟದೆ ಬಿಡುತ್ತಿದ್ದರು. ಕಂಬದ ತಲೆಯ ಮೇಲೆ ಹಳೇ ಹುಲ್ಲು ಹಾಗೇ ಇರುತ್ತಿತ್ತು. ಅದಕ್ಕೆ "ಸಾಕ್ಷಿ" ಅನ್ನುತ್ತಿದ್ದರು. ಕೂಲಿ ದಿನದ ಲೆಕ್ಕವಲ್ಲ, ಇಷ್ಟು ಘನ ಅಡಿಗೆ ಇಷ್ಟು ಅಂತ. ಮೊದಲು ನೆಲ ಎಲ್ಲಿಯವರೆಗೆ ಇತ್ತು, ನಾವು ಎಷ್ಟು ಆಳ ತೋಡಿದ್ದೇವೆ ಅಂತ ಅಳತೆಗೆ ಬಂದ ಓವರ್‌ಸಿಯರ್‌ಗೆ ತೋರಿಸಲು ಆ ಕಂಬ. ಅಳತೆ ಆಗಿ ಪುಸ್ತಕಕ್ಕೆ ಏರಿದ ಮೇಲೆ ಅದನ್ನೂ ಕಡಿದು ಹಾಕುತ್ತಿದ್ದರು. ಅಳತೆ ಆಗುವವರೆಗೂ ಆ ಕಂಬದ ಹತ್ತಿರ ದನ ಸುಳಿಯಲು ಬಿಡುತ್ತಿರಲಿಲ್ಲ, ನಮ್ಮನ್ನಂತೂ ಕಲ್ಲು ತಗೊಂಡು ಓಡಿಸುತ್ತಿದ್ದರು.

ಅವರು ಬಂದು ತಿಂಗಳಾಗಿರಬಹುದು, ಒಂದು ರಾತ್ರಿ ದೊಡ್ಡ ಲಾರಿಯ ಮೇಲೆ ಬುಲ್ಡೋಜರ್ ಬಂತು. ಬೆಳಗ್ಗೆ ಇಡೀ ಊರು ಅಲ್ಲಿ ಸೇರಿತ್ತು. ಹಳದಿ ಬಣ್ಣ. ಮೈಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದುದು ನಾನು ಓದಿದ ಮೊದಲ ಇಂಗ್ಲಿಷ್ ಅಂದರೂ ಸರಿ: ಬಿ.ಇ.ಎಂ.ಎಲ್., ಡಿ-80. ಸುಮಾರು 180 ಅಶ್ವಶಕ್ತಿ, 20 ಟನ್ನಿಗೆ ಹತ್ತಿರ ತೂಕ. ಅಷ್ಟು ಭಾರದ ವಸ್ತು ಉತ್ತ ಹೊಲದ ಮೇಲೆ ಹೋದರೂ ಹೂತುಕೊಳ್ಳಲಿಲ್ಲ ಅಂತ ಜನ ಬಾಯಿ ಬಿಟ್ಟರು. ಅದರ ಗುಟ್ಟು ಚೈನಿನ ಪಟ್ಟಿ. ಇಡೀ ತೂಕ ಉದ್ದಕ್ಕೂ ಅಗಲಕ್ಕೂ ಹಂಚಿಹೋಗುವುದರಿಂದ ಒಂದು ಚದರ ಅಂಗುಲದ ಮೇಲೆ ಬೀಳುವ ಭಾರ ನಮ್ಮ ಎಮ್ಮೆಯ ಗೊರಸಿನ ಕೆಳಗೆ ಬೀಳುವುದಕ್ಕಿಂತ ಕಡಿಮೆ. ಎಮ್ಮೆ ಹೂತುಕೊಳ್ಳುವ ಕೆಸರಿನಲ್ಲಿ ಡೋಜರ್ ದಾಟಿ ಹೋಗುವುದನ್ನು ಆಮೇಲೆ ನಾನೇ ನೋಡಿದ್ದೇನೆ.

ಇನ್ನು ಮುಂದಿನದನ್ನು ಬರೆಯಲೋ ಬೇಡವೋ ಅಂತ ಯೋಚನೆ ಮಾಡಿದೆ. ನಮ್ಮ ಮನೆಯವರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ನಾಲೆಯ ಗುರುತಿನ ಕಲ್ಲು ನಮ್ಮ ತೆಂಗಿನ ತೋಟದ ಒಳಗೇ ಬಿದ್ದಿತ್ತು. 23 ಮರ ಹೋಗಬೇಕಾಗಿತ್ತು. ನಮ್ಮ ತಾತ ಹಾಕಿ, ಅಪ್ಪ ಹೆಗಲ ಮೇಲೆ ನೀರು ಹೊತ್ತು ಬೆಳೆಸಿದ ಮರಗಳು. ಫಲಕ್ಕೆ ಬಂದು ತಿಪಟೂರು ಮಾರ್ಕೆಟ್ಟಿಗೆ ನಮ್ಮ ಕೊಬ್ಬರಿಯೂ ಹೋಗುತ್ತಿದ್ದ ಕಾಲ. ಪರಿಹಾರ ಗೊತ್ತಾಗಿತ್ತು, ಅಪ್ಪ ಸಹಿ ಹಾಕಿದ್ದರು. ಆ ದಿನ ಡೋಜರ್ ತೋಟಕ್ಕೆ ಬಂದಾಗ ನಾನು ಬಾವಿಕಟ್ಟೆ ಮೇಲೆ ಕೂತಿದ್ದೆ. ಆಪರೇಟರು ಬ್ಲೇಡನ್ನು ಎದೆ ಮಟ್ಟಕ್ಕೆ ಎತ್ತಿ ಮೊದಲ ಮರಕ್ಕೆ ಮೆಲ್ಲಗೆ ಆನಿಸಿದರು. ಗುದ್ದಲಿಲ್ಲ, ಆನಿಸಿದರು. ಇಂಜಿನ್ ಸದ್ದು ದಪ್ಪವಾಯಿತು. ಮರದ ತಲೆ ಒಂದು ಸಲ ಅಲ್ಲಾಡಿತು, ಬುಡದಲ್ಲಿ ನೆಲ ಬಿರಿದು ಬೇರಿನ ಗಡ್ಡೆ ಮೇಲೆದ್ದಿತು, ಮರ ನಿಧಾನವಾಗಿ ಒರಗಿ ಧೊಪ್ಪನೆ ಬಿತ್ತು. ಎಳನೀರು ನಾಲ್ಕು ಕಡೆ ಉರುಳಿದವು.

ನಾನು ಚಪ್ಪಾಳೆ ತಟ್ಟಿದೆ.

ತಟ್ಟಿದ ಮೇಲೆ ತಿರುಗಿ ನೋಡಿದರೆ ಅಪ್ಪ ಹಿಂದೆಯೇ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಹೋಗಿ ಉರುಳಿದ ಎಳನೀರನ್ನು ಒಂದೊಂದೇ ಆರಿಸಿ ಒಂದು ಕಡೆ ಕೂಡಿಹಾಕಿದರು. 23 ಮರಕ್ಕೂ ಹಾಗೇ ಮಾಡಿದರು. ಸಾಯಂಕಾಲ ಆಪರೇಟರಿಗೂ ಎರಡು ಕೆತ್ತಿ ಕೊಟ್ಟರು. ಅವರು ಬೇಡ ಅಂದರೂ ಬಿಡಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೆ ಸತ್ಯ ಹೇಳಬೇಕಲ್ಲ, ಮಾರನೇ ದಿನ ಸ್ಕೂಲು ಬಿಟ್ಟವನೇ ಮತ್ತೆ ಡೋಜರ್ ಹತ್ತಿರಕ್ಕೇ ಓಡಿದೆ.

ಆ ಆಪರೇಟರು ಕೋಲಾರದ ಚಿನ್ನದ ಗಣಿ ಕಡೆಯವರು. ಅರ್ಧ ತಮಿಳು ಅರ್ಧ ಕನ್ನಡ. ಅವರ ತಂದೆ ಗಣಿಯೊಳಗೆ ಇಳಿಯುತ್ತಿದ್ದವರಂತೆ. "ಈ ಗಾಡಿ ನಮ್ಮೂರಲ್ಲೇ ಹುಟ್ಟಿದ್ದು" ಅಂತ ಬಾನೆಟ್ ತಟ್ಟಿ ಹೆಮ್ಮೆಯಿಂದ ಹೇಳುತ್ತಿದ್ದರು. ನಿಜವೇ. ಕೇಂದ್ರ ಸರ್ಕಾರ 1964ರಲ್ಲಿ ಭಾರತ್ ಅರ್ತ್ ಮೂವರ್ಸ್ ಕಂಪನಿ ಮಾಡಿ, ಕೆ.ಜಿ.ಎಫ್.ನಲ್ಲಿ ಕಾರ್ಖಾನೆ ಹಾಕಿ, ಜಪಾನಿನ ಕೊಮಾಟ್ಸು ಕಂಪನಿಯ ತಾಂತ್ರಿಕ ಸಹಾಯದಿಂದ ಬುಲ್ಡೋಜರ್ ಮಾಡಲು ಹಿಡಿಯಿತು. ಅದಕ್ಕೂ ಮೊದಲು ನಮ್ಮ ದೇಶಕ್ಕೆ ಇವೆಲ್ಲ ಹಡಗಿನಲ್ಲಿ ಬರಬೇಕಾಗಿತ್ತು. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದವರು ಬಿಟ್ಟುಹೋದ ಅಮೆರಿಕದ ಕ್ಯಾಟರ್‌ಪಿಲ್ಲರ್ ಯಂತ್ರಗಳನ್ನು ರಿಪೇರಿ ಮಾಡಿ ಮಾರಿಯೂ ಕೆಲಸ ನಡೆದಿದೆ. ಗಣಿ 2001ರಲ್ಲಿ ಮುಚ್ಚಿತು, ಡೋಜರ್ ಕಾರ್ಖಾನೆ ಮಾತ್ರ ಉಳಿಯಿತು.

ಅವರ ಹತ್ತಿರ ನಾನು ಕಲಿತದ್ದು ಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಬೆಳಗ್ಗೆ ಚಾವಿ ಹಾಕುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಬೇಕು. ಗ್ರೀಸ್ ಹೊಡೆಯುವ ಜಾಗ ಒಂದೂ ಬಿಡಬಾರದು. ಕೆಲಸ ಮುಗಿದ ಕೂಡಲೇ ಇಂಜಿನ್ ಆಫ್ ಮಾಡಬಾರದು, ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟು ಬಿಸಿ ಇಳಿಸಬೇಕು. ಇಳಿಯುವ ಮುಂಚೆ ಬ್ಲೇಡು ನೆಲಕ್ಕೆ ತಾಗಿರಲೇಬೇಕು. "ಎತ್ತಿ ನಿಲ್ಸಿದ ಬ್ಲೇಡ್ ಕೆಳಗೆ ದೇವರೂ ಕೂರಬಾರದು" ಅನ್ನುತ್ತಿದ್ದರು. ಇವತ್ತು ನಮ್ಮ ಊರ ಹುಡುಗರು ಬಾಡಿಗೆ ಜೇಸಿಬಿ ಎತ್ತಿದ ಬಕೆಟ್ ಕೆಳಗೆ ನಿಂತು ಬೀಡಿ ಹಚ್ಚುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಸಲ ಅವರು ನನ್ನನ್ನು ಸೀಟಿನ ಮೇಲೆ ಕೂರಿಸಿಕೊಂಡು ನಾಲೆಯ ಉದ್ದಕ್ಕೂ ಓಡಿಸಿದರು. 1906ರಲ್ಲಿ ಪನಾಮಾ ಕಾಲುವೆ ತೋಡುವುದನ್ನು ನೋಡಲು ಹೋದ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮಳೆಯಲ್ಲೇ ಉಗಿ ಯಂತ್ರವೊಂದನ್ನು ಹತ್ತಿ ಸೀಟಿನಲ್ಲಿ ಕೂತಿದ್ದರಂತೆ. ಅವರ ಫೋಟೋ ನೋಡಿದಾಗ ಆ ಮುಖದ ಅರ್ಥ ನನಗೆ ಚೆನ್ನಾಗಿ ಆಯಿತು.

ಬಂಡೆ ಮತ್ತು ಗಟ್ಟಿ ಮಣ್ಣು ಸಿಕ್ಕಿದ ಕಡೆಗೆ ಪೊಕ್ಲೇನ್ ಬಂತು. ಎಲ್ ಅಂಡ್ ಟಿ ಕಂಪನಿಯ 90 ಸಿ.ಕೆ. ಅಂತ. ಡೋಜರ್ ಎತ್ತಾದರೆ ಇದು ಆನೆ. ಸೊಂಡಿಲು ಚಾಚಿ, ಬಾಚಿ, ಮೈ ತಿರುಗಿಸಿ ಲಾರಿಗೆ ಸುರಿಯುವುದು. ಬಕೆಟ್ಟಿನಲ್ಲಿ ಒಂದು ಸಲಕ್ಕೆ ಹತ್ತಿರ ಹತ್ತಿರ ಒಂದು ಘನ ಮೀಟರ್ ಮಣ್ಣು. ಗಟ್ಟಿ ಆಳು ದಿನವೆಲ್ಲ ಅಗೆದರೆ ಎರಡು ಮೂರು ಘನ ಮೀಟರ್ ಆದೀತು. ಅಂದರೆ ಒಬ್ಬ ಮನುಷ್ಯನ ಒಂದು ದಿನ, ಆ ಯಂತ್ರಕ್ಕೆ ಒಂದು ಚಿಟಿಕೆ ನಶ್ಯ ಏರಿಸುವಷ್ಟು ಹೊತ್ತು. ಇಷ್ಟು ಬಲ ಎಣ್ಣೆಯಿಂದ ಹೇಗೆ ಬರುತ್ತದೆ ಅಂತ ತಲೆ ಕೆಡಿಸಿಕೊಂಡಿದ್ದೆ. ಮುಂದೆ ಹೈಸ್ಕೂಲಿನಲ್ಲಿ ಪಾಸ್ಕಲ್ ನಿಯಮದ ಪಾಠ ಬಂದ ದಿನ ನಾನು ಬೆಂಚಿನಿಂದ ಎದ್ದೇ ನಿಂತೆ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಹತ್ತು ಪಟ್ಟು ವಿಸ್ತೀರ್ಣದ ಪಿಸ್ಟನ್ ಇಟ್ಟರೆ ಹತ್ತು ಪಟ್ಟು ಬಲ. ಮೇಷ್ಟರು "ಉದಾಹರಣೆ ಕೊಡಿ" ಅಂದಾಗ ಎಲ್ಲರೂ ಪುಸ್ತಕದಲ್ಲಿದ್ದ ಹೈಡ್ರಾಲಿಕ್ ಪ್ರೆಸ್ಸು ಅಂದರು, ನಾನು ಪೊಕ್ಲೇನ್ ಅಂದೆ. ಆ ಸಲ ವಿಜ್ಞಾನದಲ್ಲಿ ಮಾತ್ರ ಫಸ್ಟ್ ಕ್ಲಾಸ್ ನಂಬರು. ಇಂಗ್ಲಿಷಿನದು ಕೇಳಬೇಡಿ.

ಪೊಕ್ಲೇನ್ ಬಂದು ಹದಿನೈದು ದಿನಕ್ಕೆ ಭೋವಿ ಜನರ ಗುಡಿಸಲು ಎದ್ದವು. ಅವರಿಗೆ ಉಳಿದದ್ದು ಇಳಿಜಾರು ಸವರುವುದು, ಕಲ್ಲು ಜೋಡಿಸುವುದು ಅಷ್ಟೇ. ಅದಕ್ಕೆ ನಾಲ್ಕು ಸಂಸಾರ ಸಾಕಾಯಿತು. ಉಳಿದವರು ಕತ್ತೆಗಳ ಮೇಲೆ ಪಾತ್ರೆ ಹೇರಿಕೊಂಡು ಬೆಳಗಿನ ಜಾವ ಹೊರಟುಹೋದರು. ನಾನು ಪೊಕ್ಲೇನ್ ನೋಡುವ ಸಡಗರದಲ್ಲಿ ಅದನ್ನು ಗಮನಿಸಲೇ ಇಲ್ಲ. ಒಂದು ದಿನ ನೋಡುತ್ತೇನೆ, ಬಯಲು ಖಾಲಿ, ಒಲೆಯ ಕಲ್ಲುಗಳು ಮಾತ್ರ ಇವೆ. ಒಂದು ಸಾಕ್ಷಿ ಕಂಬ ಕಡಿಯದೆ ಹಾಗೇ ನಿಂತಿತ್ತು. ಮಳೆಗಾಲದಲ್ಲಿ ಅದೂ ಕರಗಿತು.

1995ರಲ್ಲಿ ಎಸ್.ಎಸ್.ಎಲ್.ಸಿ. ಆದ ಮೇಲೆ ಆಪರೇಟರ್ ಆಗುತ್ತೇನೆಂದು ಹಟ ಹಿಡಿದೆ. ಅಪ್ಪ ಒಪ್ಪಲಿಲ್ಲ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಚಪ್ಪಾಳೆ ಇಬ್ಬರ ನಡುವೆ ಇತ್ತು ಅಂತ ನನಗೆ ಗೊತ್ತು. ಹೊಲ ತೋಟ ಹಿಡಿದೆ, ಎರಡು ಹಸು ಕಟ್ಟಿದೆ, ಸಂಘಕ್ಕೆ ಹಾಲು ಹಾಕಿದೆ. ಹುಚ್ಚು ಮಾತ್ರ ಬಿಡಲಿಲ್ಲ. ಎಲ್ಲಿ ರಸ್ತೆ ಕೆಲಸ ನಡೆದರೂ ಬಸ್ಸು ಇಳಿದುಬಿಡುವುದು. ಬೆಂಗಳೂರಿನಲ್ಲಿ ಎರಡು ವರ್ಷಕ್ಕೊಮ್ಮೆ ಎಕ್ಸ್‌ಕಾನ್ ಅಂತ ಈ ಯಂತ್ರಗಳದ್ದೇ ಜಾತ್ರೆ ನಡೆಯುತ್ತದೆ. ತುಮಕೂರು ರಸ್ತೆಯಲ್ಲೇ ಆದ್ದರಿಂದ ಬೆಳಗ್ಗೆ ಹಾಲು ಹಾಕಿ ಹೊರಟರೆ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸು. ಮನೆಯವಳು "ತೇರು ನೋಡೋಕೆ ಹೋಗಿದ್ದೆ ಅನ್ನಿ" ಅಂತ ನಗುತ್ತಾಳೆ.

ನನ್ನದು ಅಂತ ಒಂದು ಯಂತ್ರ ಇಲ್ಲ. ಸಾಲ ಮಾಡಿ ತಂದು, ಬಾಡಿಗೆ ಬಾಕಿ ನಿಂತು, ಕಂತು ಕಟ್ಟಲಾರದೆ ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಪ್ರೀತಿ ಬೇರೆ, ಕಂತು ಬೇರೆ.

ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದಂತೆ ನನಗೆ ಒಂದು ವಿಚಾರ ತಿಳಿಯಿತು. ಈ ಲೇಖನ ಬರೆಯಲು ಒಪ್ಪಿದ್ದೇ ಅದನ್ನು ಹೇಳಲಿಕ್ಕೆ. ಈ ಯಂತ್ರಗಳು ದೊಡ್ಡ ದೊಡ್ಡ ಇಂಜಿನಿಯರುಗಳ ಆಫೀಸಿನಲ್ಲಿ ಹುಟ್ಟಿದವು ಅಂತ ನಾವು ತಿಳಿದಿದ್ದೇವೆ. ಅಲ್ಲ. ಹೆಚ್ಚುಕಡಿಮೆ ಎಲ್ಲವೂ ಹುಟ್ಟಿದ್ದು ರೈತರ ಹೊಲದಲ್ಲಿ, ರೈತರ ಕೊಟ್ಟಿಗೆಯಲ್ಲಿ.

ಚೈನು ಪಟ್ಟಿಯನ್ನೇ ತಗೊಳ್ಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಳೆಗಳ ಮುಖದ ಜೌಗು ಹೊಲಗಳಲ್ಲಿ ಉಳುವ ಉಗಿ ಇಂಜಿನ್ನು ಹೂತುಕೊಳ್ಳುತ್ತಿತ್ತು. ಚಕ್ರ ಅಗಲ ಮಾಡಿ ಮಾಡಿ ಒಂದು ಇಂಜಿನ್ನು 46 ಅಡಿ ಅಗಲವಾಯಿತಂತೆ. ನಮ್ಮಲ್ಲಿ ಅಷ್ಟು ಅಗಲದ ಹೊಲವೇ ಕಮ್ಮಿ. ಬೆಂಜಮಿನ್ ಹೋಲ್ಟ್ ಎಂಬಾತ ಚಕ್ರ ತೆಗೆದು ಮರದ ಹಲಗೆಗಳ ಪಟ್ಟಿ ಹಾಕಿ 1904ರ ನವೆಂಬರಿನಲ್ಲಿ ಹೊಲಕ್ಕೆ ಇಳಿಸಿದ, ಹೂಳಲಿಲ್ಲ. ಕಂಬಳಿಹುಳ ಹರಿದ ಹಾಗಿದೆ ಅಂತ ಅಲ್ಲಿದ್ದ ಫೋಟೋ ತೆಗೆಯುವವನು ಅಂದನಂತೆ. ಅದೇ ಕ್ಯಾಟರ್‌ಪಿಲ್ಲರ್ ಎಂಬ ಹೆಸರು. ಡೋಜರಿನ ಬ್ಲೇಡು? ಅದು 1923ರಲ್ಲಿ ಕನ್ಸಾಸ್ ರಾಜ್ಯದ ಮಾರೋವಿಲ್ ಎಂಬ ಹಳ್ಳಿಯದು. ಜೇಮ್ಸ್ ಕಮಿಂಗ್ಸ್ ಎಂಬ ರೈತ, ನಕ್ಷೆ ಬರೆಯಲು ಬಲ್ಲ ಮೆಕ್ಲಿಯೋಡ್ ಎಂಬ ಗೆಳೆಯನ ಜೊತೆ ಸೇರಿ, ಹಳೇ ಸಾಮಾನು ಕೂಡಿಸಿ ಟ್ರ್ಯಾಕ್ಟರಿನ ಮೂತಿಗೆ ತಗಡಿನ ಬ್ಲೇಡು ಕಟ್ಟಿದ. ಪೈಪು ಹೂತ ಕಾಲುವೆಯನ್ನು ಹೇಸರಗತ್ತೆಗಳಿಂದ ಮುಚ್ಚುವುದು ತಡವಾಗುತ್ತಿದ್ದುದನ್ನು ನೋಡಿ ಹೊಳೆದ ಉಪಾಯ. 1925ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಕೆ.ಜಿ.ಎಫ್. ಡೋಜರಿಗೆ ಗುರುವಾದ ಕೊಮಾಟ್ಸು ಕಂಪನಿಯೂ 1931ರಲ್ಲಿ ಮೊದಲು ಮಾಡಿದ ಚೈನು ಗಾಡಿ ಹೊಲ ಉಳುವ ಟ್ರ್ಯಾಕ್ಟರು.

ಪೊಕ್ಲೇನ್ ಅನ್ನುವುದು ಫ್ರಾನ್ಸಿನ ಒಂದು ತೋಟದ ಮನೆಯ ಹೆಸರು. ಜಾರ್ಜ್ ಬಟಾಯ್ ಎಂಬಾತ ಅಲ್ಲಿ ಬೇಸಾಯದ ಸಾಮಾನು ಮಾಡುತ್ತಿದ್ದ. ಅವನ ಕಂಪನಿಯೇ ಮುಂದೆ 1960ರ ಸುಮಾರಿಗೆ ಎಣ್ಣೆ ಒತ್ತಡದಿಂದಲೇ ಪೂರ್ತಿ ನಡೆಯುವ ಅಗೆಯುವ ಯಂತ್ರ ತಂದಿತು. ಜೇಸಿಬಿ ಕೂಡ ಯಂತ್ರದ ಹೆಸರಲ್ಲ, ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಮನುಷ್ಯನ ಹೆಸರಿನ ಮೊದಲಕ್ಷರ. ಅವರ ಮನೆತನದ್ದು ಇಂಗ್ಲೆಂಡಿನಲ್ಲಿ ಬೇಸಾಯದ ಯಂತ್ರಗಳ ಕಸುಬು. 1945ರ ಅಕ್ಟೋಬರಿನಲ್ಲಿ ಬಾಡಿಗೆ ಗ್ಯಾರೇಜಿನಲ್ಲಿ ಅವನು ಮೊದಲು ಮಾಡಿದ್ದು, ಯುದ್ಧದ ಗುಜರಿ ಕಬ್ಬಿಣದಿಂದ, ರೈತರಿಗೆ ಒಂದು ಮಗುಚುವ ಟ್ರೈಲರು. 45 ಪೌಂಡಿಗೆ ಮಾರಿದ. ಮುಂದೆ ತೋಳು ಹಿಂದೆ ಕೊಕ್ಕೆ ಇರುವ ಯಂತ್ರ 1953ರಲ್ಲಿ ಬಂತು. ನಮ್ಮ ದೇಶಕ್ಕೆ 1979ರಲ್ಲಿ, ಹರಿಯಾಣದ ಬಲ್ಲಭಗಡದಲ್ಲಿ ಎಸ್ಕಾರ್ಟ್ಸ್ ಟ್ರ್ಯಾಕ್ಟರಿನವರ ಜೊತೆ ಸೇರಿ. ಈಗ ನಮ್ಮ ಕಡೆ ಹಿಂದೆ ಮುಂದೆ ಕೈ ಇದ್ದರೆ ಯಾವ ಕಂಪನಿದಾದರೂ ಜೇಸಿಬಿ, ಚೈನು ಇದ್ದರೆ ಯಾವುದಾದರೂ ಹಿಟಾಚಿ.

ಇದನ್ನೆಲ್ಲ ಒಂದು ದಿನ ಅಪ್ಪನಿಗೆ ಹೇಳಿದೆ. ಸಂಜೆ ಹೊತ್ತು, ಕೊಟ್ಟಿಗೆ ಮುಂದೆ ಹಗ್ಗ ಹೊಸೆಯುತ್ತಾ ಕೂತಿದ್ದರು. ಪೂರ್ತಿ ಕೇಳಿದರು. ಕೇಳಿ, "ಹಂಗಾದ್ರೆ ರೈತನೇ ರೈತನ ಮರ ಕಿತ್ತ ಅನ್ನು" ಅಂದರು. ನನಗೆ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ನೀರು ಬಂತಲ್ಲ ಬಿಡು" ಅಂದರು. ನಾಲೆಗೆ ನೀರು ಬಂದದ್ದು ತೋಡಿ ಹಲವು ವರ್ಷ ಆದ ಮೇಲೆ. ಆದರೆ ಬಂದ ವರ್ಷ ಕೆರೆ ತುಂಬಿ, ನಮ್ಮ ಬಾವಿಯಲ್ಲಿ ಕೈಗೆ ಎಟುಕುವಷ್ಟು ನೀರು ನಿಂತಿತ್ತು. ಉಳಿದ ಮರಗಳಿಗೆ ಆ ನೀರೇ. ಹಸಿ ಮೇವಿಗೂ ಆ ನೀರೇ, ಅಂದರೆ ನಮ್ಮ ಸಂಘದ ಹಾಲಿನಲ್ಲೂ ಅದಿದೆ. (ಹಾಲಿಗೆ ನೀರು ಸೇರಿಸಿದ್ದೇವೆ ಅಂತ ಯಾರೂ ಅಪಾರ್ಥ ಮಾಡಿಕೊಳ್ಳಬಾರದು.)

ಸಂಘದ ಸ್ವಂತ ಕಟ್ಟಡಕ್ಕೆ ಪಾಯ ತೆಗೆಸುವ ಜವಾಬ್ದಾರಿಯನ್ನು ನಿರ್ದೇಶಕ ಮಂಡಳಿ ನನಗೇ ಕೊಟ್ಟಿತ್ತು. ಬೇರೆ ಯಾರಿಗೆ ಕೊಟ್ಟಾರು. ಆಳುಗಳಿಂದ ತೆಗೆಸೋಣ, ನಾಲ್ಕು ಜನಕ್ಕೆ ಕೂಲಿ ಆಗುತ್ತದೆ ಅಂತ ಇಬ್ಬರು ಸದಸ್ಯರು ಹೇಳಿದ್ದರು. ಖರ್ಚು ಕಡಿಮೆ ಆಗುತ್ತದೆ ಅಂತ ವಾದಿಸಿ ನಾನೇ ಜೇಸಿಬಿ ತರಿಸಿದೆ. ಖರ್ಚು ಕಡಿಮೆ ಆದದ್ದು ನಿಜ. ಅದಕ್ಕೇ ತರಿಸಿದೆನೋ, ಅಥವಾ ಒಂದು ಬೆಳಗ್ಗೆ ಅದರ ಪಕ್ಕ ನಿಲ್ಲಬಹುದು ಅಂತ ತರಿಸಿದೆನೋ, ಈಗ ಕೇಳಿದರೆ ನಾನು ಪ್ರಮಾಣ ಮಾಡಲಾರೆ. ಬಿಸಿಲೇರುವ ಮೊದಲೇ ಕೆಲಸ ಮುಗಿಯಿತು.

ನಾಲೆ ಕಾಲದಲ್ಲಿ ನಮ್ಮೂರಲ್ಲೇ ನಿಂತ ಆ ನಾಲ್ಕು ಸಂಸಾರದ ಪೈಕಿ ಒಬ್ಬ ಮುದುಕರು ಕೋಲೂರಿಕೊಂಡು ನೋಡಲು ಬಂದಿದ್ದರು. ಅವರ ಸೊಸೆ ನಮ್ಮ ಸಂಘಕ್ಕೆ ಹಾಲು ಹಾಕುತ್ತಾರೆ. ಪಾಯದ ಅಂಚಿಗೆ ಬಂದು ಬಗ್ಗಿ ನೋಡಿದರು. ಗೋಡೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು. "ಚೆನ್ನಾಗಿ ತೋಡದೆ" ಅಂದರು. ಆಮೇಲೆ ಕೋಲಿನಿಂದ ನಡುವಿಗೆ ತೋರಿಸಿ, "ಸಾಕ್ಷಿ ಎಲ್ಲಿ?" ಅಂದರು. ಜೇಸಿಬಿ ಹುಡುಗನಿಗೆ ಅರ್ಥವಾಗಲಿಲ್ಲ, ನಕ್ಕ. ಇದು ಗಂಟೆ ಲೆಕ್ಕ ಕಣಜ್ಜ, ಅಳತೆ ಇಲ್ಲ ಅಂತ ನಾನು ಹೇಳಿದೆ. "ಓ" ಅಂದು ಅಲ್ಲೇ ಕಲ್ಲಿನ ಮೇಲೆ ಕೂತು, ಜೇಸಿಬಿ ಹೋಗುವವರೆಗೂ ಎದ್ದೇಳಲಿಲ್ಲ. ಪಾಯಕ್ಕೆ ಕಲ್ಲು ಜೋಡಿಸುವ ಕೆಲಸವನ್ನು ಅವರ ಮಗ ಮತ್ತು ಮೊಮ್ಮಗನಿಗೆ ಕೊಟ್ಟೆವು. ಕಟ್ಟಡದ ಬಡಗಣ ಗೋಡೆಯ ಕೆಳಗೆ ಈಗಲೂ ಕಾಣುವುದು ಅವರು ಕೂರಿಸಿದ ಕಲ್ಲೇ.

ನಾಲೆ ಕೆಲಸ ಮುಗಿದು ಹೊರಡುವಾಗ ಆ ಕೋಲಾರದ ಆಪರೇಟರು ನನಗೆ ಪೊಕ್ಲೇನಿನ ಸವೆದ ಬಕೆಟ್ ಹಲ್ಲೊಂದನ್ನು ಕೊಟ್ಟು ಹೋಗಿದ್ದರು. ಎರಡು ಕೈಯಲ್ಲಿ ಹಿಡಿಯುವಷ್ಟು ಭಾರ, ಒಳ್ಳೆ ಉಕ್ಕು. ಮನೆಗೆ ತಂದಾಗ ಅಪ್ಪ ಕೆರೆಗೆ ಎಸೆಯುತ್ತಾರೆ ಅಂತ ಹೆದರಿ ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಅಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ಅಪ್ಪ ಅದರಿಂದಲೇ ಹೊಸ ಕರುವಿಗೆ ಗೂಟ ಬಡಿಯುತ್ತಿದ್ದರು. 2016ರಲ್ಲಿ ಅವರು ತೀರಿಕೊಳ್ಳುವವರೆಗೂ ನಮ್ಮ ಮನೆಯ ಗೂಟಗಳನ್ನೆಲ್ಲ ಬಡಿದದ್ದು ಆ ಹಲ್ಲಿನಿಂದಲೇ. ಕೊಟ್ಟಿಗೆ ಬಾಗಿಲ ಎಡಕ್ಕೆ, ಅವರು ಇಡುತ್ತಿದ್ದ ಜಾಗದಲ್ಲೇ ಇದೆ. ನೋಡಬೇಕೆನ್ನುವವರು ಬೆಳಗಿನ ಹಾಲು ಹಾಕಿದ ಮೇಲೆ ಬರಬಹುದು.